ಬೀದಿ ಕೇಳಿದ ಮೇಲೆ ಹೇಳಿದ ಬೆಲೆ

ಮೈಸೂರಿನಲ್ಲಿ ಕೋಟಿಗಟ್ಟಲೆ ಬೆಲೆಯ ಮನೆ ಮಾರುವವರು ಬೆಲೆ ಹೇಳುವ ಮುಂಚೆ ಕಾಫಿಯೋ ಟೀಯೋ ಎಂದು ಕೇಳುತ್ತಾರೆ. ಅದಕ್ಕೂ ಮುಂಚೆ ಯಾವ ಊರು ಎಂದು ಕೇಳುತ್ತಾರೆ. ಎಂಟು ವರ್ಷ ಈ ಎರಡು ಪ್ರಶ್ನೆಗಳಿಗೆ ಉತ್ತರ ಹೇಳಿಕೊಂಡೇ ನಾನು ಸಂಬಳ ತೆಗೆದುಕೊಂಡೆ. ಕಾಫಿ, ಸಕ್ಕರೆ ಕಡಿಮೆ. ಊರು, ನಂಜನಗೂಡು. ಎರಡನೆಯ ಉತ್ತರ ಪೂರ್ತಿ ಸುಳ್ಳೇನಲ್ಲ. ನಾನಿರುವುದು ನಂಜನಗೂಡಿನಲ್ಲೇ, ಬಾಡಿಗೆ ಮನೆಯಲ್ಲಿ. ಆದರೆ ಅವರು ಕೇಳುತ್ತಿದ್ದುದು ಅದನ್ನಲ್ಲ ಎನ್ನುವುದು ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ನಮ್ಮ ಕಂಪನಿ ವರ್ಷಕ್ಕೊಂದು ಪುಸ್ತಕ ತರುತ್ತದೆ. ಯಾದವಗಿರಿ, ಜಯಲಕ್ಷ್ಮೀಪುರಂ, ಸಿದ್ಧಾರ್ಥನಗರ, ಬೋಗಾದಿ, ನಂಜನಗೂಡು ರಸ್ತೆಯ ಹೊಸ ವಿಲ್ಲಾಗಳು, ಹೀಗೆ ಯಾವ ಬಡಾವಣೆಯಲ್ಲಿ ಐಷಾರಾಮಿ ಮನೆಗಳಿಗೆ ಮಾಲೀಕರು ಎಷ್ಟು ಕೇಳುತ್ತಿದ್ದಾರೆ ಎನ್ನುವ ಪಟ್ಟಿ. ಎರಡು ಕೋಟಿಗಿಂತ ಕೆಳಗಿನ ಮನೆ ಅದರೊಳಗೆ ಬರುವುದಿಲ್ಲ. ಮನೆ ಕೊನೆಗೆ ಎಷ್ಟಕ್ಕೆ ಹೋಯಿತು ಎನ್ನುವುದೂ ಬೇಡ. ಮಾಲೀಕರ ಬಾಯಿಂದ ಬಂದ ಅಂಕಿ ಬೇಕು, ಅಷ್ಟೆ. ಕಚೇರಿ ಮಾತ್ರ ನಂಜನಗೂಡಿನಲ್ಲಿ, ಒಂದು ಮೆಡಿಕಲ್ ಸ್ಟೋರಿನ ಮೇಲಿನ ಮಹಡಿಯಲ್ಲಿ, ಏಕೆಂದರೆ ಮೈಸೂರಿನಲ್ಲಿ ಬಾಡಿಗೆ ಜಾಸ್ತಿ. ಇಟಾಲಿಯನ್ ಮಾರ್ಬಲ್ಲು, ಮನೆಯೊಳಗಿನ ಲಿಫ್ಟು, ಸಿನಿಮಾ ನೋಡುವುದಕ್ಕೇ ಒಂದು ಕೋಣೆ ಇರುವ ಮನೆಗಳ ಬೆಲೆಯನ್ನು ನಾವು ಒಂದು ಕಾಲಿಗೆ ರಟ್ಟು ಕೊಟ್ಟು ನಿಲ್ಲಿಸಿದ ಟೇಬಲ್ಲಿನ ಮೇಲೆ ಬರೆಯುತ್ತಿದ್ದೆವು.

ಸರ್ವೆಯವರು ಎಂದು ಹೇಳಿಕೊಂಡು ಹೋದರೆ ಮಾಲೀಕರು ಬಾಯಿಗೆ ಬಂದ ಬೆಲೆ ಹೇಳುತ್ತಾರೆ. ಆದ್ದರಿಂದ ಕೊಳ್ಳುವವರ ಕಡೆಯವರಂತೆ ಹೋಗಬೇಕು. ಆಡಬೇಕಾದ ಮಾತುಗಳನ್ನೂ ಕಂಪನಿಯ ಕೈಪಿಡಿಯಲ್ಲಿ ಅಚ್ಚು ಮಾಡಿಸಿದ್ದಾರೆ: ‘ನಮ್ಮ ದೊಡ್ಡಪ್ಪನ ಮಗಳು ಡಾಕ್ಟರು. ಮೈಸೂರಿನಲ್ಲೇ ನೆಲೆ ನಿಲ್ಲಬೇಕು ಅಂತಿದ್ದಾರೆ. ಅವರ ಪರವಾಗಿ ಮನೆ ನೋಡಲು ಬಂದೆ.’ ಇಲ್ಲದ ಆ ಡಾಕ್ಟರಿಗಾಗಿ ನಾನು ನೋಡಿದ ಮನೆಗಳಿಗೆ ಲೆಕ್ಕವಿಲ್ಲ. ಒಂದು ಮನೆಗೆ ಇಬ್ಬರು ಹೋಗಬೇಕು. ಮೊದಲು ಒಬ್ಬರು, ಹದಿನೈದು ದಿನ ಬಿಟ್ಟು ಇನ್ನೊಬ್ಬರು. ಇಬ್ಬರೂ ಆಡುವುದು ಅದೇ ಮಾತು. ಇಬ್ಬರು ತಂದ ಬೆಲೆಗಳ ನಡುವೆ ನೂರಕ್ಕೆ ಐದಕ್ಕಿಂತ ಹೆಚ್ಚು ಅಂತರ ಬಂದರೆ ಆ ಮನೆಯ ಹಾಳೆಯ ಮೇಲೆ ‘ಹೊಂದಿಕೆಯಿಲ್ಲ’ ಎಂದು ಕೆಂಪು ಮುದ್ರೆ ಒತ್ತಿ ಪಟ್ಟಿಯಿಂದ ತೆಗೆದುಬಿಡಬೇಕು. ಈ ನಿಯಮ ನನಗೆ ಬಹಳ ಹಿಡಿಸಿತ್ತು. ಕೆಲಸದಲ್ಲಿ ಒಂದು ಶಿಸ್ತಿದೆ ಎಂದು ಹೆಂಡತಿಯ ಮುಂದೆ ಹೇಳಿಕೊಂಡದ್ದೂ ಉಂಟು.

ನನ್ನ ಹೆಸರು ನಂಜುಂಡೇಶ್ವರನದು. ನಮ್ಮ ಸೀಮೆಯಲ್ಲಿ ಆ ಹೆಸರು ಎಲ್ಲ ಜನರಲ್ಲೂ ಇದೆ, ಹೆಸರಿನಿಂದ ಯಾರು ಏನು ಎಂದು ಗೊತ್ತಾಗುವುದಿಲ್ಲ. ಬೆಳಿಗ್ಗೆ ಸ್ನಾನವಾದ ಮೇಲೆ ಹಣೆಗೆ ವಿಭೂತಿ ಇಡುತ್ತೇನೆ. ಅದು ಅಮ್ಮನಿಂದ ಬಂದ ಅಭ್ಯಾಸ. ಆದರೆ ಬೆವರಿಗೆ ಅಳಿಸಿಹೋದರೆ ಮಾಲೀಕರ ಗೇಟಿನ ಮುಂದೆ ಮತ್ತೆ ಹಚ್ಚಿಕೊಳ್ಳಲು ಬೈಕಿನ ಡಬ್ಬಿಯಲ್ಲಿ ಒಂದು ವಿಭೂತಿ ಗಟ್ಟಿ ಇಟ್ಟುಕೊಂಡಿದ್ದೆನಲ್ಲ, ಅದು ಅಮ್ಮನಿಂದ ಬಂದದ್ದಲ್ಲ. ಹಣೆ, ಹೆಸರು, ನಂಜನಗೂಡು ಮೂರನ್ನೂ ಕೂಡಿಸಿ ಮಾಲೀಕರು ತಮಗೆ ಬೇಕಾದ ಉತ್ತರ ಮಾಡಿಕೊಳ್ಳುತ್ತಿದ್ದರು. ನಾನು ತಿದ್ದುತ್ತಿರಲಿಲ್ಲ. ನನ್ನ ಹುಟ್ಟೂರು ನರಸೀಪುರದಿಂದ ಮೂಗೂರಿಗೆ ಹೋಗುವ ದಾರಿಯಲ್ಲಿದೆ. ಅಲ್ಲಿ ನಮ್ಮದು ಕೆರೆ ಏರಿಯ ಕೆಳಗಿನ ಬೀದಿ, ದಲಿತರ ಬೀದಿ.

ಹಿಂದೆ ಎರಡನೆಯ ಭೇಟಿಗೆ ಹೋಗುತ್ತಿದ್ದವರು ಕೆಲಸ ಬಿಟ್ಟು ತಮ್ಮ ಮನೆಯ ಅಂಗಡಿ ನೋಡಿಕೊಳ್ಳಲು ಹೊರಟುಹೋದರು. ಅವರು ಊರಿನ ಜೊತೆಗೆ ಮಠದ ಹೆಸರೊಂದನ್ನು ಹೇಳಿದರೆ ಸಾಕು, ಮಾಲೀಕರು ಮನೆಯನ್ನೇ ಬಿಚ್ಚಿ ತೋರಿಸುತ್ತಿದ್ದರು. ಅವರ ಜಾಗಕ್ಕೆ ಸುಮಾರು ಮೂವತ್ತು ವರ್ಷದ ಹೆಣ್ಣುಮಗಳೊಬ್ಬಳು ಬಂದಳು. ತಾಂಡ್ಯದ ಒಂದು ಕಾರ್ಖಾನೆಯಲ್ಲಿ ಆರು ವರ್ಷ ಬಿಡಿಭಾಗಗಳ ಅಳತೆ ಪರೀಕ್ಷೆ ಮಾಡಿದ್ದವಳು. ಶಿಫ್ಟಿನ ಕೆಲಸಕ್ಕೂ ಮಗಳ ಶಾಲೆಗೂ ಹೊಂದುವುದಿಲ್ಲವೆಂದು ಆ ಕೆಲಸ ಬಿಟ್ಟು ಬಂದಿದ್ದಳು. ಮೂರು ತಿಂಗಳು ನೋಡಿ ಕಾಯಂ ಮಾಡುವುದೆಂದು ಮಾತು. ದಿನವೂ ನರಸೀಪುರದ ಬಸ್ಸಿಗೆ ಬಂದಿಳಿಯುತ್ತಿದ್ದಳು. ಅವಳ ಮೊಬೈಲಿನ ಕವರಿನ ಮೇಲೆ ಬುದ್ಧನ ಚಿತ್ರವಿತ್ತು.

ಮೊದಲ ದಿನವೇ ಕೇಳಿದಳು. “ನಿಮ್ದು ಯಾವೂರು ಸಾ?”

“ಇಲ್ಲೇ, ನಂಜನಗೂಡು.”

ಅವಳ ಊರಿಗೂ ನನ್ನ ಊರಿಗೂ ನಡುವೆ ನಾಲ್ಕು ಮೈಲಿ. ಅವಳಿಗೂ ಹಾಗೇ ಹೇಳಿದೆ. ಆ ಸುಳ್ಳಿಗೆ ಯಾರೂ ಸಂಬಳ ಕೊಡುತ್ತಿರಲಿಲ್ಲ. ಈಗ ನೆನೆಸಿಕೊಂಡರೆ ನನ್ನ ಮೇಲೆ ನನಗೇ ಹೇಸಿಗೆಯಾಗುತ್ತದೆ.

ಕೆಲಸ ಬೇಗ ಕಲಿತಳು. ಹಾಳೆ ಅಚ್ಚುಕಟ್ಟು. ನಿವೇಶನದ ಅಳತೆ, ರಸ್ತೆ ಎಷ್ಟು ಅಡಿ, ಬಾಗಿಲು ಯಾವ ದಿಕ್ಕು, ತೇಗ ನಿಜವಾದ ತೇಗವೋ ಮೇಲೆ ಅಂಟಿಸಿದ ಪದರವೋ, ಎಲ್ಲವನ್ನೂ ಬರೆದುಕೊಂಡು ಬರುತ್ತಿದ್ದಳು. ಮಾಲೀಕರು ‘ನಾಲ್ಕು ಅರವತ್ತು’ ಎಂದರೆ ನಾಲ್ಕು ಕೋಟಿ ಅರವತ್ತು ಲಕ್ಷ ಎಂದು ತಿಳಿಯಲು ನನಗೆ ಒಂದು ವಾರ ಬೇಕಾಗಿತ್ತು, ಅವಳಿಗೆ ಒಂದು ದಿನ ಸಾಕಾಯಿತು. ಆದರೆ ಬೆಲೆ ಮಾತ್ರ ಹೊಂದುತ್ತಿರಲಿಲ್ಲ. ನಾನು ಮೂರು ಇಪ್ಪತ್ತು ತಂದ ಮನೆಗೆ ಅವಳು ಮೂರು ಐವತ್ತೈದು ತರುತ್ತಿದ್ದಳು. ನಾನು ಎರಡು ತೊಂಬತ್ತು ತಂದ ಕಡೆ ‘ಮಾತಾಗಿಬಿಟ್ಟಿದೆ’ ಎಂದು ಹೇಳಿಸಿಕೊಂಡು ಬರುತ್ತಿದ್ದಳು. ಅಪಾರ್ಟ್‌ಮೆಂಟುಗಳಲ್ಲಿ ತೊಂದರೆಯಿಲ್ಲ, ಅಲ್ಲಿ ಬೆಲೆ ಬೋರ್ಡಿನ ಮೇಲೇ ಇರುತ್ತದೆ. ಬಿಡಿ ಮನೆಗಳಲ್ಲೇ ಎಲ್ಲ ಎಡವಟ್ಟು. ಎರಡೂವರೆ ತಿಂಗಳಲ್ಲಿ ಅವಳು ಹೋದ ಮೂವತ್ತೊಂದು ಬಿಡಿ ಮನೆಗಳಲ್ಲಿ ಹದಿನೆಂಟಕ್ಕೆ ಕೆಂಪು ಮುದ್ರೆ ಬಿತ್ತು.

ಮ್ಯಾನೇಜರು ನನ್ನನ್ನು ಒಳಗೆ ಕರೆದರು. ಅವರು ಕೂಗಾಡುವವರಲ್ಲ. ಟೇಬಲ್ಲಿನ ಮೇಲಿನ ಧೂಳನ್ನು ಟಿಶ್ಯೂ ಪೇಪರಿನಲ್ಲಿ ಒರೆಸುತ್ತಾ ಮಾತಾಡುವ ಜನ.

“ಏನ್ರೀ ಇದು, ಹೋಗಿ ಒಂದು ಬೆಲೆ ಕೇಳ್ಕೊಂಡು ಬರೋಕೆ ಆಗಲ್ವಾ ಆಕೆಗೆ? ನಿಮ್ಮ ಹಾಳೆಗಳೂ ಆಕೆಯಿಂದ ಹಾಳಾಗ್ತಿವೆ. ಹದಿನೈದು ದಿನ ಇದೆ. ಹೀಗೇ ಆದ್ರೆ ಕಾಯಂ ಮಾಡಲ್ಲ, ಬೇರೆಯವರನ್ನ ನೋಡ್ತೀನಿ.”

“ಹೊಸಬರು ಸರ್,” ಎಂದೆ.

“ಹೊಸಬರಾದ್ರೆ ಒಂದೆರಡು ತಪ್ಪಾಗುತ್ತೆ. ಹದಿನೆಂಟಾ?”

ಆ ಹದಿನೆಂಟು ಏಕೆ ತಪ್ಪಿದವು ಎಂದು ನನಗೆ ಆ ಕುರ್ಚಿಯಲ್ಲಿ ಕೂತಾಗಲೇ ಗೊತ್ತಿತ್ತು. ಸರಿ ಸರ್ ಎಂದು ಎದ್ದು ಬಂದೆ.

ಅಂದು ಸಂಜೆ ಬಸ್ ನಿಲ್ದಾಣದ ಟೀ ಅಂಗಡಿಯಲ್ಲಿ ಅವಳಿಗೆ ವಿಷಯ ಹೇಳಿದೆ. ಲೋಟ ಕೆಳಗಿಟ್ಟು ಬ್ಯಾಗಿನಿಂದ ಹಾಳೆಗಳನ್ನು ತೆಗೆದಳು.

“ಕೈಪಿಡಿ ಪುಸ್ತಕದಲ್ಲಿರೋ ಮಾತ್ನೇ ಏಳಿವ್ನಿ ಸಾ. ಒಂದಕ್ಷರ ಆಚೀಚೆ ಮಾಡಿಲ್ಲ.”

“ಅವರು ಏನು ಕೇಳ್ತಾರೆ?”

“ಯಾವೂರು ಅಂತಾರೆ. ಏಳ್ತೀನಿ. ಅಲ್ಲಿ ಯಾವ ಬೀದಿ ಅಂತಾರೆ. ಅದ್ನೂ ಏಳ್ತೀನಿ.”

“ಬೀದಿ ಯಾಕಮ್ಮ ಹೇಳೋಕೆ ಹೋದೆ?” ನನ್ನ ದನಿ ಏರಿತು.

ಅವಳು ನನ್ನ ಮುಖವನ್ನೇ ನೋಡಿದಳು. “ಕೇಳುದ್ರಲ್ಲ ಸಾ. ದೊಡ್ಡಪ್ಪನ ಮಗ್ಳು ಡಾಕ್ಟ್ರು ಅನ್ನೋ ಸುಳ್ಳು ಪುಸ್ತಕದಲ್ಲದೆ, ಏಳಿವ್ನಿ. ಬೀದಿಗೆ ಏನ್ ಸುಳ್ ಏಳ್ಬೇಕು ಅಂತ ಅದ್ರಲ್ಲಿ ಬರ್ದಿಲ್ಲ.”

ನಾನು ಟೀ ಕುಡಿದೆ. ಅವಳು ಒಂದು ಹಾಳೆಯನ್ನು ಮುಂದಿಟ್ಟಳು. ರಿಂಗ್ ರೋಡಿನ ಆಚೆಯ ಬಡಾವಣೆಯ ಮೂಲೆ ಮನೆ. ನಾನು ತಂದದ್ದು ನಾಲ್ಕು ಅರವತ್ತು, ಅವಳು ತಂದದ್ದು ಐದು ಮೂವತ್ತು.

“ಈ ಮನೇಲಿ ಗೇಟೇ ತೆಗೀಲಿಲ್ಲ ಸಾ. ಒಳಗಿಂದ್ಲೇ ಬೆಲೆ ಏಳುದ್ರು. ಬಿಸ್ಲು, ನೀರ್ ಕೇಳ್ದೆ. ಡ್ರೈವರ್ ಕೈಲಿ ಅಂಗ್ಡಿ ಬಾಟ್ಲಿ ಕಳುಸುದ್ರು.” ಹಾಳೆಯನ್ನು ಮತ್ತೆ ಬ್ಯಾಗಿಗೆ ಸೇರಿಸಿದಳು. “ತಾಂಡ್ಯದಲ್ಲಿ ಒಂದೇ ಪೀಸು ಇಬ್ರು ಕೈಲಿ ಎರಡಳ್ತೆ ಬಂದ್ರೆ ಯಾರ್ನೂ ಬಯ್ತಿರ್ಲಿಲ್ಲ ಸಾ. ಮೊದ್ಲು ಅಳ್ಯೋ ಗೇಜ್ ತಂದು, ಅಳ್ತೆ ಗೊತ್ತಿರೋ ಪೀಸಿನ್ ಮೇಲೆ ಇಟ್ಟು ನೋಡೋರು. ಗೇಜ್ ಸರಿಯಾಗದಾ ಅಂತ. ಇಲ್ಲಿ ಅದ್ಯಾರೂ ನೋಡಲ್ಲ.”

“ಇಲ್ಲಿ ಗೇಜ್ ಎಲ್ಲಿದೆ?”

“ನಾವೇ ಅಲ್ವಾ ಸಾ. ನಾನೂ ನೀವೂ.”

ಬಸ್ಸು ಬಂತು, ಹೋದಳು. ಅವಳು ನನ್ನನ್ನು ಪತ್ತೆ ಹಚ್ಚಿದ್ದಳೋ ಇಲ್ಲವೋ ನನಗೆ ತಿಳಿಯಲಿಲ್ಲ. ಬೀದಿಯನ್ನು ಏಕೆ ಹೇಳಿದೆ ಎಂದು ಆ ದನಿಯಲ್ಲಿ ಕೇಳುವವನು ಯಾವ ಬೀದಿಯಿಂದ ಬಂದವನೆಂದು ಊಹಿಸಲು ದೊಡ್ಡ ಬುದ್ಧಿಯೇನೂ ಬೇಡ.

ಕೈಪಿಡಿಯ ಕೊನೆಯಲ್ಲಿ ಒಂದು ಸಾಲಿದೆ. ಬೆಲೆಯ ಬಗ್ಗೆ ತಕರಾರು ಬಂದರೆ ಮೊದಲು ಹೋದವನೇ ಮೂರನೆಯ ಸಲ ಹೋಗಿ ಕೇಳಬಹುದು. ನಾನು ಸೇರಿದಾಗಿನಿಂದ ಆ ಸಾಲನ್ನು ಯಾರೂ ಬಳಸಿರಲಿಲ್ಲ. ಮುದ್ರೆ ಬಿದ್ದ ಹದಿನೆಂಟರಲ್ಲಿ ನಾನು ಮೊದಲು ಹೋಗಿದ್ದು ಒಂಬತ್ತು ಮನೆಗಳಿಗೆ, ಉಳಿದವಕ್ಕೆ ಮೊದಲು ಹೋಗಿದ್ದು ಕಚೇರಿಯ ಬೇರೆಯವರು. ಮರುದಿನ ಬೆಳಿಗ್ಗೆ ಹಣೆಗೆ ವಿಭೂತಿ ಇಟ್ಟುಕೊಂಡು, ಬೈಕಿನ ಡಬ್ಬಿಯಲ್ಲಿದ್ದ ಗಟ್ಟಿಯನ್ನು ದೇವರ ಗೂಡಿನಲ್ಲಿಟ್ಟು ಹೊರಟೆ. ನಾನು ಮಾಡಿಕೊಂಡ ನಿಯಮ ಇಷ್ಟೆ: ಮಾತು ಕೈಪಿಡಿಯದೇ, ಡಾಕ್ಟರೂ ಅವರೇ. ಊರನ್ನು ಮಾತ್ರ ನಿಜ ಹೇಳುವುದು. ಬೀದಿಯನ್ನು ನಾನಾಗಿ ಹೇಳುವುದಿಲ್ಲ, ಕೇಳಿದರೆ ಮುಚ್ಚುವುದಿಲ್ಲ.

ಮೊದಲು ಆ ಮೂಲೆ ಮನೆಗೇ ಹೋದೆ. ಐವತ್ತಕ್ಕೆ ಎಂಬತ್ತರ ಸೈಟು, ಎರಡು ಕಡೆ ರಸ್ತೆ. ಎರಡು ಮಹಡಿ ಎತ್ತರದ ಹಾಲಿನಲ್ಲಿ ತೂಗುದೀಪ. ಮಾಲೀಕರು ರಸ್ತೆ ಕಂಟ್ರಾಕ್ಟರ್ ಆಗಿದ್ದವರು, ಅವರದೂ ಮೂಲ ನರಸೀಪುರವೇ. ಹಿಂದಿನ ಸಲ ಬಂದಾಗ ನಂಜನಗೂಡು ಎಂದ ಕೂಡಲೇ “ಹಾಗಾದ್ರೆ ನಮ್ಮೋರೇ ಅನ್ನಿ” ಎಂದು ಬೆಳ್ಳಿ ಲೋಟದಲ್ಲಿ ಕಾಫಿ ಕೊಡಿಸಿದ್ದರು. ಆ ‘ನಮ್ಮೋರು’ ಎಂದರೆ ಯಾರು ಎಂದು ನಾನು ಅಂದು ಕೇಳಲಿಲ್ಲ. ಕಾಫಿ ಮಾತ್ರ ಚೆನ್ನಾಗಿತ್ತು.

“ಬನ್ನಿ ಬನ್ನಿ, ಡಾಕ್ಟ್ರು ಏನಂದ್ರು?” ಎಂದು ಸೋಫಾ ತೋರಿಸಿದರು. ಒಳಗೆ ತಿರುಗಿ ಹೆಂಡತಿಗೆ ಕಾಫಿ ಎಂದು ಹೇಳಿದರು.

“ಡಾಕ್ಟರಿಗೆ ಮನೆ ಇಷ್ಟ ಆಗಿದೆ. ಅವರು ಊರಿಗೆ ಬಂದಿದ್ದಾರೆ, ಹಾಗಾಗಿ ಬೆಲೆ ಇನ್ನೊಂದು ಸಲ ಕೇಳ್ಕೊಂಡು ಹೋಗೋಣ ಅಂತ ಬಂದೆ.”

“ಊರು ಅಂದ್ರೆ ನಂಜನಗೂಡಿಗಾ?”

“ಇಲ್ಲ. ನಂಜನಗೂಡಲ್ಲಿ ನಾನು ಬಾಡಿಗೆಗಿರೋದು. ನಮ್ಮೂರು ನರಸೀಪುರದಿಂದ ಮೂಗೂರಿಗೆ ಹೋಗೋ ದಾರೀಲಿ.” ಹಳ್ಳಿಯ ಹೆಸರು ಹೇಳಿದೆ.

ಅವರ ಮುಖ ಅರಳಿತು. “ಅಯ್ಯೋ, ಆ ಊರಿನ ರಸ್ತೆ ಮಾಡ್ಸಿದ್ದೇ ನಾನು! ಅಲ್ಲಿ ಯಾವ ಬೀದಿ?”

“ಕೆರೆ ಏರಿ ಕೆಳಗಿನ ಬೀದಿ.”

ರಸ್ತೆ ಮಾಡಿಸಿದವರಿಗೆ ಬೀದಿಗಳು ಗೊತ್ತಿರದೆ ಇರುತ್ತವೆಯೇ. ಮೊದಲು ನನ್ನ ಹಣೆಯನ್ನು ನೋಡಿದರು, ಆಮೇಲೆ ನಾನು ಕೂತಿದ್ದ ಸೋಫಾವನ್ನು ನೋಡಿದರು. ಅಷ್ಟರಲ್ಲಿ ಅವರ ಹೆಂಡತಿ ತಟ್ಟೆ ಹಿಡಿದು ಅಡುಗೆಮನೆಯ ಬಾಗಿಲಿಗೆ ಬಂದಿದ್ದರು. ಕಾಫಿಯ ವಾಸನೆ ನನ್ನ ಮೂಗಿಗೆ ಬಂದಿತ್ತು.

“ಕಾಫಿ ಬೇಡ ಕಣೇ, ಅವ್ರಿಗೆ ಹೊತ್ತಾಯ್ತಂತೆ,” ಎಂದರು ಕಂಟ್ರಾಕ್ಟರು.

ನನಗೆ ಹೊತ್ತಾಯಿತೆಂದು ನಾನು ಹೇಳಿರಲಿಲ್ಲ. ಆಕೆ ನನ್ನನ್ನೊಮ್ಮೆ ಗಂಡನನ್ನೊಮ್ಮೆ ನೋಡಿ ತಟ್ಟೆಯ ಸಮೇತ ಒಳಗೆ ಹೋದರು. ನಾನು ಕೈಪಿಡಿಯ ಕೊನೆಯ ಪ್ರಶ್ನೆ ಕೇಳಿದೆ. “ಬೆಲೆ ಅದೇ ಅಲ್ವಾ ಸರ್? ನಾಲ್ಕು ಅರವತ್ತು?”

“ಇಲ್ಲ ಇಲ್ಲ. ರೇಟು ಮೇಲೆ ಹೋಗ್ಬಿಟ್ಟಿದೆ. ಐದು ಮೂವತ್ತು. ಅದೂ ಈ ತಿಂಗಳೊಳಗಾದ್ರೆ.” ಎದ್ದು ನಿಂತರು. ಬಾಗಿಲವರೆಗೆ ಬಂದು ದನಿ ತಗ್ಗಿಸಿದರು. “ನಂಗೇನೂ ಇಲ್ಲಪ್ಪ. ನಾನು ಅದನ್ನೆಲ್ಲ ನೋಡೋನಲ್ಲ. ಅಕ್ಕಪಕ್ಕದೋರಿದ್ದಾರಲ್ಲ, ನಾಳೆ ಡಾಕ್ಟ್ರಿಗೇ ಬೇಜಾರಾಗ್ಬಾರ್ದು ನೋಡಿ.”

ಇಲ್ಲದ ಡಾಕ್ಟರ ಬೇಜಾರಿನ ಬಗ್ಗೆ ಎಪ್ಪತ್ತು ಲಕ್ಷದಷ್ಟು ಕಾಳಜಿ! ಬೈಕಿನ ಹತ್ತಿರ ಬಂದು ಹಾಳೆಯಲ್ಲಿ ಐದು ಮೂವತ್ತು ಎಂದು ಬರೆದೆ. ಅವಳು ತಂದದ್ದೂ ಐದು ಮೂವತ್ತೇ. ಒಂದು ಲಕ್ಷವೂ ಆಚೀಚೆಯಿಲ್ಲ. ಅವಳು ಎಲ್ಲೂ ತಪ್ಪು ಮಾಡಿರಲಿಲ್ಲ. ಆ ಮನುಷ್ಯ ನಮ್ಮಂಥವರಿಗೆಂದು ಒಂದು ಬೆಲೆಯನ್ನು ಮೊದಲೇ ಗೊತ್ತು ಮಾಡಿ ಇಟ್ಟುಕೊಂಡಿದ್ದ.

ಉಳಿದ ಎಂಟು ಮನೆಗಳಿಗೆ ಹೋಗಲು ನಾಲ್ಕು ದಿನ ಹಿಡಿಯಿತು. ಆ ನಾಲ್ಕು ದಿನಗಳನ್ನು ಮತ್ತೆ ಬದುಕು ಎಂದರೆ ನನ್ನಿಂದಾಗದು. ಒಂದು ಕಡೆ ಶೂ ಬಿಚ್ಚಿ ಒಳಗೆ ಬಂದವನನ್ನು ಬೆಲೆ ಹೇಳಲು ಮತ್ತೆ ವರಾಂಡಕ್ಕೆ ಕರೆದುಕೊಂಡು ಬಂದರು. ಒಂದು ಕಡೆ ಮನೆ ಮಾರಾಟವಾಗಿದೆ ಎಂದರು, ಅವರ ತಲೆಯ ಹಿಂದೆ ಕಾಂಪೌಂಡಿನ ಮೇಲೆ ‘ಮಾರಾಟಕ್ಕಿದೆ’ ಬೋರ್ಡು ಕಾಣುತ್ತಿತ್ತು. ಇನ್ನೊಬ್ಬರು ಬಹಳ ಓದಿಕೊಂಡವರು. ಸಮಾನತೆಯ ಬಗ್ಗೆ ಹತ್ತು ನಿಮಿಷ ಮಾತಾಡಿ, ಆಮೇಲೆ ಮೂವತ್ತು ಲಕ್ಷ ಏರಿಸಿದರು. ಅವರ ಮೇಲೆ ನನಗೆ ಬಂದಷ್ಟು ವಾಕರಿಕೆ ಕಂಟ್ರಾಕ್ಟರ ಮೇಲೂ ಬರಲಿಲ್ಲ.

ಒಂದು ಮನೆಯಲ್ಲಿ ಮಾತ್ರ ಬೇರೆಯಾಯಿತು. ಮಾಲೀಕರು ಒಬ್ಬ ನಿವೃತ್ತ ಮೇಷ್ಟ್ರಮ್ಮ. ಊರಿನ ವಿಷಯ ಎತ್ತಿದರೆ ಅರ್ಧಕ್ಕೇ ತಡೆದರು. “ನಿಮ್ಮ ಊರು ಕಟ್ಕೊಂಡು ನಂಗೇನಾಗ್ಬೇಕು? ಬೆಲೆ ಎರಡು ಎಂಬತ್ತು. ಅಡುಗೆಮನೆ ಸಿಂಕ್ ಸೋರುತ್ತೆ, ಅದನ್ನ ಡಾಕ್ಟ್ರಿಗೆ ಮೊದ್ಲೇ ಹೇಳ್ಬಿಡಿ, ಆಮೇಲೆ ನನ್ನ ಬಯ್ಯೋದು ಬೇಡ.” ಹದಿನೈದು ದಿನದ ಹಿಂದೆ ಒಬ್ಬ ಹೆಣ್ಣುಮಗಳಿಗೆ ಮೂರು ಹತ್ತು ಹೇಳಿದ್ದರಂತಲ್ಲ ಎಂದೆ. ಅವರು ಹುಬ್ಬು ಗಂಟಿಕ್ಕಿ ಒಳಗೆ ಕೂಗಿದರು. ಹೇಳಿದ್ದು ಮನೆಯಲ್ಲಿದ್ದ ಅಳಿಯ. “ನನ್ನ ಮನೆ ಬೆಲೆ ಹೇಳೋಕೆ ನೀನ್ಯಾರೋ?” ಎಂದು ಅವನಿಗೆ ನನ್ನೆದುರಿಗೇ ಮಂಗಳಾರತಿ ಮಾಡಿದರು. ಆ ನಾಲ್ಕು ದಿನಗಳಲ್ಲಿ ನಾನು ನಕ್ಕಿದ್ದು ಅಲ್ಲೊಂದೇ ಕಡೆ.

ಹೊಸದಾಗಿ ಬರೆದ ಒಂಬತ್ತು ಹಾಳೆಗಳನ್ನು ಮ್ಯಾನೇಜರ ಟೇಬಲ್ಲಿನ ಮೇಲಿಟ್ಟೆ. ಒಂದೊಂದರಲ್ಲೂ ನನಗೆ ಸಿಕ್ಕ ಎರಡು ಉತ್ತರ, ನಡುವೆ ಅವಳದು. ಏಳು ಮನೆಗಳಲ್ಲಿ ಏರಿಕೆ, ಒಂದರಲ್ಲಿ ಮಾರಾಟವಾಯಿತೆಂಬ ಸುಳ್ಳು, ಒಂದರಲ್ಲಿ ಬದಲಾವಣೆಯಿಲ್ಲ. ನಾನು ಎರಡನೆಯ ಸಲ ಏನು ಹೇಳಿದೆ ಎಂದು ಕೇಳಿದರು. ನನ್ನ ಊರು, ಬೀದಿ ಎರಡನ್ನೂ ಹೇಳಿದೆ. ಎಂಟು ವರ್ಷದಲ್ಲಿ ಆ ಕೋಣೆಯಲ್ಲಿ ಅವನ್ನು ಹೇಳಿದ್ದು ಅದೇ ಮೊದಲು.

ಅವರು ಟಿಶ್ಯೂ ಪೇಪರನ್ನು ಮಡಿಸಿದರು. “ನೀವು ಆ ಕಡೆಯವರು ಅಂತ ನಂಗೆ ಗೊತ್ತೇ ಇರ್ಲಿಲ್ಲ ನೋಡಿ. ಹಾಗೆ ಕಾಣೋದೇ ಇಲ್ಲ.”

ಅದನ್ನು ಹೊಗಳಿಕೆ ಎಂದೇ ಹೇಳಿದ್ದರು. ನಾನು ಸಂತೋಷಪಡಲೆಂದು ಸ್ವಲ್ಪ ಹೊತ್ತು ಕಾದರು ಕೂಡ.

“ಹಾಳೆ ತಪ್ಪಿಲ್ಲ ಸರ್. ಆಕೆ ಸರಿಯಾಗೇ ತಂದಿದ್ದಾಳೆ.”

“ಸರಿ, ಒಪ್ಕೋತೀನಿ. ಕಾಯಂ ಮಾಡೋಣ. ಆದ್ರೆ ಆಕೆ ಅಪಾರ್ಟ್‌ಮೆಂಟ್ ಮಾತ್ರ ನೋಡ್ಕೊಳ್ಳಲಿ. ಬಿಡಿ ಮನೆಗಳಿಗೆ ನೀವು ಮೊದ್ಲಿನ ಹಾಗೇ ಹೋಗಿ. ನಂಜನಗೂಡು ಅಂತ ಹೇಳಿ ಸಾಕು. ಈ ಒಂಬತ್ತನ್ನ ಹೇಗೂ ಪಟ್ಟಿಯಿಂದ ತೆಗೀಬೇಕು, ಹೊಂದಲ್ವಲ್ಲ.”

“ಮೇಷ್ಟ್ರಮ್ಮನ ಮನೆ ಹೊಂದುತ್ತೆ ಸರ್. ಎರಡು ಸಲವೂ ಎರಡು ಎಂಬತ್ತೇ.”

“ಆಯ್ತು, ಅದೊಂದನ್ನ ಇಟ್ಕೊಳ್ಳಿ.”

“ನಾನು ಇನ್ನು ನಂಜನಗೂಡು ಅನ್ನಲ್ಲ ಸರ್.”

“ಹಾಗಾದ್ರೆ ನಿಮ್ಮ ಹಾಳೆಗಳೂ ಹೊಂದಲ್ಲ.”

“ಹೊಂದದಿದ್ರೆ ಮುದ್ರೆ ಒತ್ತಿ.”

ಕೆಂಪು ಮುದ್ರೆಯನ್ನು ಅವರೇ ಒತ್ತಿದರು, ಎಂಟು ಸಲ. ಆ ವರ್ಷದ ಪುಸ್ತಕ ನುಣುಪಾದ ಕಾಗದದಲ್ಲಿ ಬಂತು. ಮುನ್ನುಡಿಯಲ್ಲಿ ‘ಪ್ರತಿ ಬೆಲೆಯನ್ನೂ ಎರಡು ಬಾರಿ ಪರಿಶೀಲಿಸಲಾಗಿದೆ’ ಎಂಬ ಸಾಲಿದೆ. ಆ ಸಾಲಿನಲ್ಲಿ ಸುಳ್ಳಿಲ್ಲ. ಎರಡು ಸಲ ನೋಡಿದಾಗ ಕಂಡದ್ದನ್ನೆಲ್ಲ ನಿಯಮದ ಪ್ರಕಾರವೇ ಎತ್ತಿ ಹೊರಗೆ ಹಾಕಿದ್ದಾರೆ.

ಕಾಯಂ ಪತ್ರ ಕೈಗೆ ಬಂದ ಸಂಜೆ ಅವಳ ಜೊತೆ ಬಸ್ ನಿಲ್ದಾಣದವರೆಗೆ ನಡೆದೆ. ಮ್ಯಾನೇಜರ ಕೋಣೆಯಲ್ಲಿ ಆದದ್ದನ್ನೆಲ್ಲ ಹೇಳಿದೆ, ನನ್ನ ಊರನ್ನೂ ಹೇಳಿದೆ. ಅವಳಿಗೆ ಆಶ್ಚರ್ಯವಾದಂತೆ ಕಾಣಲಿಲ್ಲ. ಪತ್ರವನ್ನು ಮಡಿಸಿ ಮೊಬೈಲಿನ ಕವರಿನೊಳಗೆ, ಬುದ್ಧನ ಚಿತ್ರದ ಹಿಂದೆ ಸೇರಿಸಿದಳು. ನರಸೀಪುರದ ಬಸ್ಸು ಬಂದು ನಿಂತಿತು.

“ಅಣ್ಣ,” ಎಂದಳು. ಅಲ್ಲಿಯವರೆಗೆ ಸಾ ಎನ್ನುತ್ತಿದ್ದಳು. “ಎಂಟ್ ವರ್ಸದಲ್ಲಿ ಎಷ್ಟ್ ಮನೆ ಬೆಲೆ ಬರ್ಕಂಡ್ ಬಂದಿದ್ದೀರಿ?”

“ಸಾವ್ರದ ಮೇಲಾಯ್ತದೆ ಕಣವ್ವ.”

“ಅದ್ರಲ್ಲಿ ನಂಜನಗೂಡಿನೋರ್ಗೆ ಅಲ್ದೆ ನಿಮ್ಗೆ ಅಂತ ಏಳಿದ್ ಮನೆ ಎಷ್ಟು?”

ಅವಳು ಕೇಳಿದ್ದು ಏನೆಂದು ನನಗೆ ಒಂದು ಕ್ಷಣ ತಿಳಿಯಲಿಲ್ಲ. ತಿಳಿಯುವ ಹೊತ್ತಿಗೆ ಅವಳು ಬಸ್ಸಿನ ಮೆಟ್ಟಿಲ ಮೇಲೆ ನಿಂತು ಉತ್ತರಕ್ಕೆ ಕಾಯುತ್ತಿದ್ದಳು, ಕಂಡಕ್ಟರು ಸೀಟಿಯನ್ನು ಬಾಯಿಗಿಟ್ಟಿದ್ದ.

“ಒಂಬತ್ತು,” ಎಂದೆ.